ಒಮಾಹಾ ತೀರ: ದೋಣಿಯ ಬಾಗಿಲು ತೆರೆದ ಮೇಲೆ

ಪ್ರಶ್ನೆ: 1944ರ ಜೂನ್ 6ರಂದು ನಾರ್ಮಂಡಿಯ ಕಡಲತೀರದಲ್ಲಿ ಅಮೆರಿಕದ ಸೈನಿಕರು ದೋಣಿಯಿಂದ ಇಳಿದು ಮಷಿನ್ ಗನ್ನಿಗೆ ಎದೆಯೊಡ್ಡಿ ಹೋಗುವ ದೃಶ್ಯವನ್ನು ಸಿನಿಮಾದಲ್ಲಿ ನೋಡಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಅಷ್ಟು ದೊಡ್ಡ ಸೈನ್ಯಕ್ಕೆ ಬೇರೆ ದಾರಿ ಹೊಳೆಯಲಿಲ್ಲವೇ ಸರ್? ಕತ್ತಲಲ್ಲಿ ಇಳಿಯಬಹುದಿತ್ತಲ್ಲ? ಮೊದಲೇ ಬಾಂಬ್ ಹಾಕಿ ಬಂಕರ್‌ಗಳನ್ನು ಮುಗಿಸಬಹುದಿತ್ತಲ್ಲ? ಅಂಥ ಜಾಗದಿಂದ ಬದುಕಿದವರು ಮೇಲೆ ಹತ್ತಿದ್ದಾದರೂ ಹೇಗೆ?
— ಒಬ್ಬ ಓದುಗರು, ಹಾವೇರಿ

ಉತ್ತರ: ನೀವು ಕೇಳಿದ ನಾಲ್ಕು ಪ್ರಶ್ನೆಗಳಲ್ಲಿ ಕೊನೆಯದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ. ಆದರೆ ಅಲ್ಲಿಗೆ ತಲುಪಬೇಕಾದರೆ ಉಳಿದ ಮೂರನ್ನು ದಾಟಿಯೇ ಹೋಗಬೇಕು. ನಾನು ಸೇನೆಯ ಎಂಜಿನಿಯರ್ ದಳದಲ್ಲಿ ಇಪ್ಪತ್ತೆರಡು ವರ್ಷ ಇದ್ದವನು. ನಿವೃತ್ತನಾದ ಮೇಲೆ ಈ ಒಂದು ದಂಡೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ, ಒಮ್ಮೆ ಹೋಗಿ ನಡೆದೂ ಬಂದಿದ್ದೇನೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗುಂಡಿನ ಮಳೆಗೆ ಎದುರಾಗಿ ನಡೆಯಿರಿ ಎಂದು ಯಾರೂ ಯೋಜನೆ ಹಾಕಿರಲಿಲ್ಲ. ಸೈನಿಕರ ಕಾಲು ಮರಳಿಗೆ ತಾಗುವ ಹೊತ್ತಿಗೆ ಆ ಮಷಿನ್ ಗನ್ನುಗಳು ಬಾಯಿ ಮುಚ್ಚಿರುತ್ತವೆ ಎಂಬ ನಂಬಿಕೆಯ ಮೇಲೆ ಇಡೀ ಲೆಕ್ಕಾಚಾರ ನಿಂತಿತ್ತು. ಬೆಳಿಗ್ಗೆ ಆರೂವರೆಗೆ ಆ ನಂಬಿಕೆ ಸುಳ್ಳಾಯಿತು. ಅಲ್ಲಿಂದ ಮುಂದೆ ಆ ದಂಡೆಯ ಮೇಲೆ ನಡೆದದ್ದಕ್ಕೆ ಯಾವ ನಕ್ಷೆಯೂ ಇರಲಿಲ್ಲ.

ಎರಡನೇ ಮಹಾಯುದ್ಧದಲ್ಲಿ ಜರ್ಮನರು ಹಿಡಿದಿದ್ದ ಫ್ರಾನ್ಸಿನ ನಾರ್ಮಂಡಿಯಲ್ಲಿ ಅಂದು ಮಿತ್ರಪಡೆ, ಅಂದರೆ ಅಮೆರಿಕ, ಬ್ರಿಟನ್ ಮತ್ತು ಜೊತೆಗಿದ್ದ ದೇಶಗಳ ಸೈನ್ಯ, ಇಳಿದದ್ದು ಐದು ತೀರಗಳಲ್ಲಿ: ಯೂಟಾ, ಒಮಾಹಾ, ಗೋಲ್ಡ್, ಜೂನೋ, ಸೋರ್ಡ್. ವಿಮಾನದಿಂದ ಧುಮುಕಿದವರೂ ಸೇರಿ ದಿನದ ಕೊನೆಗೆ ಸುಮಾರು 1,56,000 ಜನ ಫ್ರಾನ್ಸಿನ ನೆಲದ ಮೇಲಿದ್ದರು. ನೀವು ನೋಡಿದ ದೃಶ್ಯ ಒಮಾಹಾದ್ದು. ಪಕ್ಕದ ಯೂಟಾದಲ್ಲಿ ಇಳಿದ ಡಿವಿಷನ್ನಿನಲ್ಲಿ ಸತ್ತವರು, ಗಾಯಗೊಂಡವರು ಎಲ್ಲ ಸೇರಿ 200ರ ಒಳಗೆ. ಒಂದೇ ದಿನ, ಒಂದೇ ದೇಶದ ಸೈನ್ಯ, ಒಂದೇ ತರಬೇತಿ. ಎಲ್ಲ ತೀರಗಳೂ ಒಮಾಹಾದ ಹಾಗೆ ಇರಲಿಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಒಮಾಹಾ ಕಷ್ಟವಾದದ್ದು ಮೊದಲಿಗೆ ನೆಲದ ಕಾರಣಕ್ಕೆ. ವಿಯರ್‌ವಿಲ್ ಊರಿನಿಂದ ಕೊಲ್‌ವಿಲ್ ಊರಿನವರೆಗೆ ತೀರ ಕುಡುಗೋಲಿನ ಹಾಗೆ ಒಳಕ್ಕೆ ಬಾಗಿದೆ. ಎರಡೂ ತುದಿಯಲ್ಲಿ ಕಡಿದಾದ ಬಂಡೆ. ನಡುವೆ ದಂಡೆಯ ಉದ್ದಕ್ಕೂ 30ರಿಂದ 50 ಮೀಟರ್ ಎತ್ತರದ ಹುಲ್ಲುಗುಡ್ಡ, ಕಡಲಿಗೆ ಮುಖ ಮಾಡಿ ನಿಂತಿದೆ. ವಾಹನಗಳು ಮೇಲೆ ಹೋಗಬೇಕಾದರೆ ಗುಡ್ಡವನ್ನು ಸೀಳಿಕೊಂಡು ಬರುವ ಐದು ಕಣಿವೆಗಳೇ ಗತಿ. ಐದು ಬಾಗಿಲಿನ ಒಂದು ಕೋಟೆ ಎಂದುಕೊಳ್ಳಿ. ಜರ್ಮನರಿಗೂ ಅದು ಗೊತ್ತಿತ್ತು. ಕಾಂಕ್ರೀಟ್ ಬಂಕರ್, ಫಿರಂಗಿ, ಮಷಿನ್ ಗನ್, ಕಂದಕ ಎಲ್ಲವನ್ನೂ ಅವರು ಆ ಐದು ಬಾಗಿಲುಗಳ ಎರಡೂ ಬದಿಗೆ ಕೂಡಿಸಿದ್ದರು. ಈ ಒಂದು ಸಂಗತಿಯನ್ನು ನೆನಪಿಡಿ. ಅಂದಿನ ಸಾವಿಗೂ ಇದೇ ಕಾರಣ, ಅಂದಿನ ಗೆಲುವಿಗೂ ಇದೇ ಕಾರಣ.

ಆ ಬಂಕರ್‌ಗಳನ್ನು ಕಟ್ಟಿದ ರೀತಿಯನ್ನು ನೋಡಿದಾಗ, ಎಂಜಿನಿಯರ್ ಆಗಿದ್ದ ನನಗೇ ಮೈ ಜುಮ್ಮೆಂದಿತು. ಬಂಕರಿನ ಕಿಂಡಿ ಕಡಲಿನ ಕಡೆ ಇರುತ್ತದೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಅಲ್ಲಿನ ಮುಖ್ಯ ಫಿರಂಗಿಗಳ ಕಿಂಡಿ ಇದ್ದದ್ದು ಪಕ್ಕಕ್ಕೆ, ದಂಡೆಯ ಉದ್ದಕ್ಕೆ. ಕಡಲಿನ ಕಡೆ ದಪ್ಪ ಕಾಂಕ್ರೀಟ್ ಗೋಡೆ. ಹಡಗಿನಲ್ಲಿದ್ದವನಿಗೆ ಆ ಫಿರಂಗಿಯೂ ಕಾಣದು, ಅದು ಸಿಡಿದಾಗ ಬರುವ ಬೆಂಕಿಯೂ ಕಾಣದು. ವಿಯರ್‌ವಿಲ್ ಕಣಿವೆಯ ಬಾಯಲ್ಲಿದ್ದ 88 ಮಿಲಿಮೀಟರ್ ಫಿರಂಗಿ ಪೂರ್ವಕ್ಕೆ ಹೊಡೆಯುತ್ತಿತ್ತು. ಕೊಲ್‌ವಿಲ್ ಕಡೆಯ ಇನ್ನೊಂದು ಪಶ್ಚಿಮಕ್ಕೆ ಹೊಡೆಯುತ್ತಿತ್ತು. ನಡುವೆ ಇಳಿದವನಿಗೆ ಗುಂಡು ಬರುವುದು ಎಡದಿಂದ, ಬಲದಿಂದ. ಅವನ ಕಣ್ಣಿರುವುದು ಮುಂದಿನ ಗುಡ್ಡದ ಮೇಲೆ. ಯಾರು ಹೊಡೆಯುತ್ತಿದ್ದಾರೆಂದೇ ತಿಳಿಯದೆ ಸತ್ತವರು ಎಷ್ಟೋ ಜನ. ಬದುಕಿ ಬಂದ ಬಹಳ ಮಂದಿಯೂ ಆ ಬೆಳಿಗ್ಗೆ ತಮ್ಮ ಕಣ್ಣಿಗೆ ಒಬ್ಬ ಜರ್ಮನನೂ ಬೀಳಲಿಲ್ಲ ಎಂದೇ ಹೇಳಿದ್ದಾರೆ.

ಇನ್ನು ಕತ್ತಲಿನ ಪ್ರಶ್ನೆ. ರಾತ್ರಿ ಇಳಿಯೋಣ ಎಂದು ಹಟ ಹಿಡಿದವರು ಅಮೆರಿಕನ್ನರಲ್ಲೇ ಇದ್ದರು. ಅವರಲ್ಲೊಬ್ಬರು ನಾರ್ಮನ್ ಕೋಟಾ ಎಂಬ ಅಧಿಕಾರಿ. ಈ ಹೆಸರು ಮುಂದೆಯೂ ಬರುತ್ತದೆ. ಹಗಲಾಗಲಿ ಇರುಳಾಗಲಿ ದೋಣಿಗಳು ದಾರಿ ತಪ್ಪುವುದು ತಪ್ಪದು, ಹಾಗಿರುವಾಗ ಕತ್ತಲ ಮರೆಯಾದರೂ ಸಿಗಲಿ ಎಂಬುದು ಅವರ 1943ರ ವಾದ. ನೌಕಾಪಡೆ, ವಾಯುಪಡೆ ಒಪ್ಪಲಿಲ್ಲ. ಗುರಿ ನೋಡಿ ಹೊಡೆಯಲು ಅವರಿಗೆ ಬೆಳಕು ಬೇಕಿತ್ತು. ಹಿಂದಿನ ರಾತ್ರಿ ಧುಮುಕುವ ಪ್ಯಾರಾಟ್ರೂಪರ್‌ಗಳಿಗೆ ಬೆಳದಿಂಗಳು ಬೇಕಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ ಕಡಲಿನ ಇಳಿತ ಬೇಕಿತ್ತು. ನಾರ್ಮಂಡಿಯಲ್ಲಿ ಇಳಿತಕ್ಕೂ ಭರತಕ್ಕೂ ನಡುವೆ ನೀರು ಸುಮಾರು ಆರು ಮೀಟರ್, ಅಂದರೆ ಎರಡಂತಸ್ತಿನ ಮನೆಯಷ್ಟು ಏರುತ್ತದೆ. ಭರತದಲ್ಲಿ ಮುಳುಗಿಹೋಗುವ ಜಾಗದಲ್ಲಿ ಜರ್ಮನರು ಉಕ್ಕಿನ ತಡೆಗಳನ್ನೂ ಮರದ ಕಂಬಗಳನ್ನೂ ನೆಟ್ಟಿದ್ದರು, ಎಷ್ಟೋ ಕಂಬಗಳ ತುದಿಗೆ ಸಿಡಿಮದ್ದು ಕಟ್ಟಿದ್ದರು. ನೀರು ತುಂಬಿದಾಗ ಬಂದರೆ ದೋಣಿ ನೇರ ಅದರ ಮೇಲೆ ಹತ್ತುತ್ತದೆ. ಇಳಿತದಲ್ಲಿ ಬಂದರೆ ತಡೆಗಳು ಕಣ್ಣಿಗೆ ಕಾಣುತ್ತವೆ, ಎಂಜಿನಿಯರ್‌ಗಳು ಅವನ್ನು ಸಿಡಿಸಿ ದಾರಿ ಮಾಡಬಹುದು. ಅದರ ಬೆಲೆಯೇನೆಂದರೆ ಸೈನಿಕ ಸುಮಾರು 300 ಮೀಟರ್ ಬೋಳು ಮರಳನ್ನು ದಾಟಬೇಕು. ಬೆಳದಿಂಗಳು, ಬೆಳಗಿನ ಇಳಿತ ಎರಡೂ ಕೂಡಿಬರುತ್ತಿದ್ದದ್ದು ಜೂನ್ 5, 6, 7 ಮಾತ್ರ. 5ರಂದು ಹವೆ ಕೆಟ್ಟಿತು, ಮಿತ್ರಪಡೆಯ ಮಹಾದಂಡನಾಯಕ ಐಸೆನ್‌ಹೋವರ್ ಒಂದು ದಿನ ಮುಂದೂಡಿದರು. 6ರಂದೂ ಕಡಲು ಶಾಂತವಾಗಿರಲಿಲ್ಲ.

ನಾನು ಹೋಗಿದ್ದ ದಿನವೂ ಇಳಿತವಿತ್ತು. ನೀರಿನ ಅಂಚಿನಿಂದ ಗುಡ್ಡದ ಬುಡಕ್ಕೆ ಬರಿಗೈಯಲ್ಲಿ, ಒಣಬಟ್ಟೆಯಲ್ಲಿ, ಗಟ್ಟಿ ಮರಳಿನ ಮೇಲೆ ನಡೆದೆ. ನಾಲ್ಕೈದು ನಿಮಿಷ ಹಿಡಿಯಿತು. ನಡುವೆ ಒಂದು ಕಲ್ಲೂ ಇಲ್ಲ, ಒಂದು ತಗ್ಗಿನ ಹೊರತು ಮರೆಯೂ ಇಲ್ಲ. ಆ ನಾಲ್ಕೈದು ನಿಮಿಷದ ಉದ್ದ ಎಷ್ಟೆಂದು ಓದಿ ತಿಳಿಯುವುದಿಲ್ಲ.

ಈಗ ಬಾಂಬಿನ ವಿಷಯ. ಹಾಕಿದರು. ಅಂದು ಬೆಳಿಗ್ಗೆ 300ಕ್ಕೂ ಹೆಚ್ಚು ಲಿಬರೇಟರ್ ವಿಮಾನಗಳು ಒಮಾಹಾದ ಮೇಲೆ ಸುಮಾರು 13,000 ಬಾಂಬ್ ಸುರಿದವು. ಆದರೆ ಮೋಡ ಕವಿದಿತ್ತು. ಕೆಳಗೆ ತಮ್ಮದೇ ದೋಣಿಗಳು ದಡಕ್ಕೆ ಬರುತ್ತಿವೆ, ಅವುಗಳ ಮೇಲೆ ಬೀಳಬಾರದೆಂದು ಬಾಂಬ್ ಬಿಡುವುದನ್ನು ಕೆಲವು ಸೆಕೆಂಡು ತಡಮಾಡಲು ಹೇಳಿದ್ದರು. ಆ ಕೆಲವು ಸೆಕೆಂಡುಗಳಲ್ಲಿ ವಿಮಾನ ಗುಡ್ಡವನ್ನು ದಾಟಿಬಿಟ್ಟಿತು. ಬಾಂಬ್‌ಗಳು ಹೊಲಗಳಲ್ಲಿ ಬಿದ್ದವು, ಕೆಲವು ಐದು ಕಿಲೋಮೀಟರ್ ಒಳಗೆ. ದಂಡೆಯ ಬಂಕರ್‌ಗಳ ಮೇಲೆ ಬಿದ್ದದ್ದು ಇಲ್ಲವೆಂದೇ ಹೇಳಬೇಕು. ದೋಣಿಗಳಿಂದ ಹಾರಿಸಿದ ರಾಕೆಟ್‌ಗಳಲ್ಲಿ ಬಹುಪಾಲು ನೀರಿಗೇ ಬಿದ್ದವು. ಹಡಗುಗಳಿಗೆ ಸಿಕ್ಕಿದ್ದು ನಲವತ್ತು ನಿಮಿಷಕ್ಕೂ ಕಡಿಮೆ. ಟೆಕ್ಸಾಸ್, ಆರ್ಕಾನ್ಸಾ ಎಂಬ ಎರಡು ದೊಡ್ಡ ಯುದ್ಧನೌಕೆಗಳಿದ್ದರೂ ಪಕ್ಕಕ್ಕೆ ಮುಖ ಮಾಡಿದ ಬಂಕರ್‌ಗಳನ್ನು ಅಷ್ಟು ಹೊತ್ತಿನಲ್ಲಿ ಮುರಿಯಲಾಗಲಿಲ್ಲ.

ಇಲ್ಲಿ ನನ್ನ ಸ್ವಂತ ಅಭಿಪ್ರಾಯ ಹೇಳುತ್ತೇನೆ. ಈ ನಲವತ್ತು ನಿಮಿಷವೇ ದೊಡ್ಡ ತಪ್ಪು. ಬ್ರಿಟಿಷರು ತಮ್ಮ ತೀರಗಳಲ್ಲಿ ಸುಮಾರು ಎರಡು ಗಂಟೆ ಹೊಡೆದ ಮೇಲೆ ಇಳಿದರು. ಪೆಸಿಫಿಕ್ ಸಾಗರದಲ್ಲಿ ಜಪಾನಿನ ಕೈಯಿಂದ ಕ್ವಾಜಲಿನ್ ದ್ವೀಪವನ್ನು ಗೆದ್ದು ಬಂದಿದ್ದ ಜನರಲ್ ಚಾರ್ಲ್ಸ್ ಕಾರ್ಲೆಟ್ ಇಂಗ್ಲೆಂಡಿನಲ್ಲೇ ಇದ್ದರು. ಹಡಗಿನ ಗುಂಡು ಸಾಲದು, ಮದ್ದುಗುಂಡಿನ ದಾಸ್ತಾನು ಸಾಲದು ಎಂದು ಅವರು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನೊಂದು ಮಗ್ಗುಲೂ ಇದೆ, ಅದನ್ನು ಮುಚ್ಚಿಡಬಾರದು. ದ್ವೀಪಕ್ಕೆ ಬೇರೆ ಕಡೆಯಿಂದ ಸಹಾಯ ಬರಲಾರದು, ಅಲ್ಲಿ ದಿನಗಟ್ಟಲೆ ಹೊಡೆಯಬಹುದು. ನಾರ್ಮಂಡಿಗೆ ರಸ್ತೆಯಿದೆ, ರೈಲಿದೆ. ಎರಡು ದಿನ ಹೊಡೆಯುತ್ತ ಕೂತರೆ ಎಲ್ಲಿ ಇಳಿಯುತ್ತೇವೆಂದು ಡಂಗುರ ಸಾರಿದಂತೆ. ಆದರೆ ಎರಡು ದಿನಕ್ಕೂ ನಲವತ್ತು ನಿಮಿಷಕ್ಕೂ ನಡುವೆ ಜಾಗವಿತ್ತು. ಬ್ರಿಟಿಷರ ಎರಡು ಗಂಟೆ ಅದನ್ನು ತೋರಿಸಿದೆ.

ಇದಲ್ಲದೆ ಎದುರಿಗಿದ್ದವರು ಯಾರೆಂಬುದೂ ಸರಿಯಾಗಿ ತಿಳಿದಿರಲಿಲ್ಲ. ವಯಸ್ಸಾದವರು, ಬೇರೆ ದೇಶದವರು ತುಂಬಿದ್ದ 716ನೇ ಡಿವಿಷನ್ ಅಲ್ಲಿದೆ ಎಂದು ಅಮೆರಿಕನ್ನರು ನಂಬಿದ್ದರು. ಮಾರ್ಚ್ ತಿಂಗಳಲ್ಲೇ ಡೀಟ್ರಿಕ್ ಕ್ರೈಸ್ ಎಂಬ ಜರ್ಮನ್ ಸೇನಾನಿಯ, ಅದಕ್ಕಿಂತ ಬಲವಾದ 352ನೇ ಡಿವಿಷನ್ ಬಂದು ಸೇರಿಕೊಂಡಿತ್ತು.

ಈಗ ದೋಣಿಯೊಳಗೆ ಬನ್ನಿ. ಅವರು ಹಾಕಿಕೊಂಡಿದ್ದ ತಂತ್ರವೇನು ಎಂಬುದು ಇಲ್ಲಿಂದ ಶುರು. ಸಾಮಾನ್ಯವಾಗಿ ಸೈನ್ಯ ಕಂಪನಿ, ಅದರೊಳಗೆ ಪ್ಲಟೂನ್ ಎಂಬ ತುಕಡಿಗಳಾಗಿ ಹಂಚಿಕೊಂಡಿರುತ್ತದೆ. ಈ ದಾಳಿಗಾಗಿ ಅದನ್ನು ಮುರಿದು ದೋಣಿಗೊಂದು ತಂಡ ಕಟ್ಟಿದರು. ಒಬ್ಬ ಅಧಿಕಾರಿ, ಸುಮಾರು 31 ಜನ. ಮುಂದೆ ಅಧಿಕಾರಿಯೊಂದಿಗೆ ಐವರು ರೈಫಲ್‌ನವರು, ಅವರ ಹಿಂದೆ ಮುಳ್ಳುತಂತಿ ಕತ್ತರಿಸುವ ನಾಲ್ವರು, ಆಮೇಲೆ ಹಗುರ ಮಷಿನ್ ಗನ್ನಿನಂಥ ಬಿಎಆರ್ ಹಿಡಿದ ಎರಡು ಜೋಡಿ, ಹೆಗಲ ಮೇಲಿಂದ ರಾಕೆಟ್ ಹಾರಿಸುವ ಬಜೂಕಾದವರು, ಗುಂಡನ್ನು ಮೇಲಕ್ಕೆಸೆದು ಬೀಳಿಸುವ ಸಣ್ಣ ಮಾರ್ಟರ್‌ನವರು, ಬೆಂಕಿ ಉಗುಳುವ ಯಂತ್ರದ ಇಬ್ಬರು, ಕೊನೆಗೆ ಸ್ಫೋಟಕ ಹೊತ್ತ ಐವರು. ಒಂದು ದೋಣಿಯವರು ಬೇರಾರ ಸಹಾಯವಿಲ್ಲದೆ ಒಂದು ಬಂಕರ್ ಒಡೆಯಬಲ್ಲರು ಎಂಬುದು ಲೆಕ್ಕ. ತಂತಿಯವನು ದಾರಿ ಬಿಡಿಸುತ್ತಾನೆ, ಬಿಎಆರ್‌ನವನು ಕಿಂಡಿಗೆ ಗುಂಡು ಹಾಕಿ ಒಳಗಿದ್ದವನ ತಲೆ ತಗ್ಗಿಸುತ್ತಾನೆ, ಅಷ್ಟರಲ್ಲಿ ಸ್ಫೋಟಕದವನು ಪಕ್ಕದಿಂದ ತೆವಳಿ ಹೋಗಿ ಕಿಂಡಿಗೆ ತುರುಕುತ್ತಾನೆ. ಇಂಗ್ಲೆಂಡಿನ ಡೆವನ್ ತೀರದಲ್ಲಿ ಸುಳ್ಳು ಬಂಕರ್‌ಗಳನ್ನು ಕಟ್ಟಿ ಇದನ್ನೇ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದರು.

ಇದು ಒಳ್ಳೆಯ ತಂತ್ರ. ನಾನೇ ಅಂಥದ್ದನ್ನು ಕಲಿತಿದ್ದೇನೆ, ಕಲಿಸಿದ್ದೇನೆ. ಅದರ ಬಲವೇ ಅದರ ದೌರ್ಬಲ್ಯವೂ ಹೌದು. ಹಗ್ಗದ ಒಂದು ಎಳೆ ಹೋದರೆ ಹಗ್ಗ ಉಳಿಯುತ್ತದೆ, ಸರಪಳಿಯ ಒಂದು ಕೊಂಡಿ ಹೋದರೆ ಸರಪಳಿಯೇ ಇಲ್ಲ. ದೋಣಿಯ ಬಾಗಿಲು ತೆರೆದ ಕೂಡಲೇ ಮುಂದಿನ ಆರು ಜನ ಬಿದ್ದರೆ ಅಧಿಕಾರಿಯೇ ಹೋದಂತೆ. ತಂತಿ ಕತ್ತರಿಸುವವನು ಮುಳುಗಿದರೆ ಹಿಂದಿನವನ ಸ್ಫೋಟಕಕ್ಕೆ ದಾರಿಯೇ ಇಲ್ಲ.

ದೊಡ್ಡ ಹಡಗಿನಿಂದ ಸಣ್ಣ ದೋಣಿಗೆ ಅವರು ಇಳಿದದ್ದು ತೀರದಿಂದ ಸುಮಾರು 18 ಕಿಲೋಮೀಟರ್ ದೂರದಲ್ಲಿ, ಇನ್ನೂ ಕತ್ತಲಿರುವಾಗ. ಅಲ್ಲಿಂದ ಎರಡು ಮೂರು ಗಂಟೆ ಅಲೆಯ ಮೇಲೆ. ಚಪ್ಪಟೆ ತಳದ ದೋಣಿ ಒಂದೊಂದು ಅಲೆಗೂ ಎತ್ತಿ ಕುಕ್ಕುತ್ತಿತ್ತು. ಬಹುಪಾಲು ಜನ ವಾಂತಿ ಮಾಡಿಕೊಂಡರು. ವಾಂತಿಗೆ ಕೊಟ್ಟ ಚೀಲ ತುಂಬಿ, ಆಮೇಲೆ ಹೆಲ್ಮೆಟ್ಟಿಗೆ, ಅದೇ ಹೆಲ್ಮೆಟ್ಟಿನಿಂದ ದೋಣಿಗೆ ನುಗ್ಗಿದ ನೀರನ್ನು ಮೊಗೆದು ಹಾಕಿದರು. ವಿಷಾನಿಲ ತಡೆಯಲೆಂದು ಬಟ್ಟೆಗೆ ರಾಸಾಯನಿಕ ಬಳಿದಿದ್ದರಿಂದ ಅದು ರಟ್ಟಿನ ಹಾಗೆ ಸೆಟೆದು ನಾರುತ್ತಿತ್ತು. ಬೆನ್ನಿಗೂ ಸೊಂಟಕ್ಕೂ ಸೇರಿ 30 ಕಿಲೋ ಹತ್ತಿರದ ಹೊರೆ, ಮಾರ್ಟರ್ ಹೊತ್ತವನಿಗೆ ಇನ್ನೂ ಹೆಚ್ಚು. ಚಳಿಗೆ ಕೈ ಮರಗಟ್ಟಿತ್ತು. ಇಳಿಯುವ ಹೊತ್ತಿಗೆ ಎಷ್ಟೋ ಜನರಿಗೆ ಯುದ್ಧದ ಭಯಕ್ಕಿಂತ ದೋಣಿಯಿಂದ ಇಳಿದರೆ ಸಾಕು ಎಂಬ ಆಸೆಯೇ ದೊಡ್ಡದಾಗಿತ್ತಂತೆ. ನನಗೆ ಇದು ಬಹಳ ನಿಜವೆನ್ನಿಸುತ್ತದೆ.

ಆ ಅಲೆಯಲ್ಲೇ ಅವರಿಗೆ ಬೆಂಬಲವಾಗಿ ಬರಬೇಕಿದ್ದ ಟ್ಯಾಂಕ್‌ಗಳು ಮುಳುಗಿದವು. ಕ್ಯಾನ್ವಾಸ್ ಬಟ್ಟೆಯ ಗೋಡೆ ಎತ್ತಿ ಕಡಲಲ್ಲಿ ಈಜುವಂತೆ ಮಾಡಿದ ಶರ್ಮನ್ ಟ್ಯಾಂಕ್‌ಗಳವು. 741ನೇ ಟ್ಯಾಂಕ್ ಬೆಟಾಲಿಯನ್ ನೀರಿಗಿಳಿಸಿದ 29ರಲ್ಲಿ 27 ತಳ ಸೇರಿದವು. ಪಶ್ಚಿಮದ ಅರ್ಧದಲ್ಲಿ 743ನೇ ಬೆಟಾಲಿಯನ್ನಿನವರು ಅಲೆ ನೋಡಿ, ಬೇಡ, ನೇರ ದಡಕ್ಕೇ ಒಯ್ಯಿರಿ ಎಂದರು. ಅವರ ಟ್ಯಾಂಕ್‌ಗಳಲ್ಲಿ ಹೆಚ್ಚಿನವು ತಲುಪಿದವು. ಒಂದು ತೀರ್ಮಾನದಿಂದ ಎಷ್ಟು ವ್ಯತ್ಯಾಸವಾಗುತ್ತದೆ ನೋಡಿ. ಫಿರಂಗಿಗಳದ್ದೂ ಅದೇ ಕಥೆ: 111ನೇ ಫಿರಂಗಿ ದಳದ 12ರಲ್ಲಿ 11 ಕಡಲ ಪಾಲಾದವು.

ಇದರ ಮೇಲೆ ಪೂರ್ವಕ್ಕೆ ಎಳೆಯುವ ಸೆಳೆತ. ಹೆಚ್ಚಿನ ದೋಣಿಗಳು ಗುರುತು ಹಾಕಿಕೊಂಡಿದ್ದ ಜಾಗ ಬಿಟ್ಟು ಇನ್ನೆಲ್ಲೋ ತಾಗಿದವು. ತಿಂಗಳುಗಟ್ಟಲೆ ಮಣ್ಣಿನ ಮಾದರಿಯಲ್ಲಿ ನೋಡಿ ಬಾಯಿಪಾಠ ಮಾಡಿದ್ದ ಮನೆ, ಕಣಿವೆ ಯಾವುದೂ ಎದುರಿಗಿಲ್ಲ.

ಸರಿಯಾದ ಜಾಗಕ್ಕೇ ಬಂದು ತಾಗಿದವರ ಪಾಡು ಇನ್ನೂ ಘೋರ. 116ನೇ ರೆಜಿಮೆಂಟಿನ ಎ ಕಂಪನಿ ವಿಯರ್‌ವಿಲ್ ಕಣಿವೆಯ ಎದುರೇ ಇಳಿಯಿತು. ಬಾಗಿಲು ಬಿದ್ದೊಡನೆ ಗುಂಡು ಒಳಗೇ ಬಂತು. ಪಕ್ಕಕ್ಕೆ ಹಾರಿದವರನ್ನು ಹೊರೆ ಕೆಳಕ್ಕೆಳೆಯಿತು. ಸೊಂಟಕ್ಕೆ ಕಟ್ಟಿದ್ದ ಗಾಳಿಪಟ್ಟಿ ಉಬ್ಬಿದಾಗ ಮೇಲಿನ ಭಾರಕ್ಕೆ ಕೆಲವರು ತಲೆಕೆಳಗಾಗಿ ಮುಳುಗಿದರು. ಹತ್ತು ನಿಮಿಷದಲ್ಲಿ ಆ ಕಂಪನಿಗೆ ನಾಯಕರಿಲ್ಲ, ಹದಿನೈದರಲ್ಲಿ ಅದು ಕಂಪನಿಯೇ ಅಲ್ಲ. ಅದರಲ್ಲಿ ವರ್ಜೀನಿಯಾದ ಬೆಡ್‌ಫರ್ಡ್ ಎಂಬ ಸಣ್ಣ ಊರಿನ ಹುಡುಗರಿದ್ದರು. ಮೂರು ಸಾವಿರ ಚಿಲ್ಲರೆ ಜನರ ಊರು. ಅಂದು ಒಂದೇ ದಿನ ಸತ್ತ ಅಲ್ಲಿನ ಮಕ್ಕಳು ಸುಮಾರು 20. ತಂತಿ ಸುದ್ದಿಗಳು ಊರು ತಲುಪಿದ್ದು ಜುಲೈ ನಡುವಿನಲ್ಲಿ. ಅಲ್ಲಿಯವರೆಗೂ ಮನೆಯವರು ಕಾಗದಕ್ಕಾಗಿ ಕಾಯುತ್ತಲೇ ಇದ್ದರು.

ಉಳಿದವರು ಏನು ಮಾಡಿದರು? ನೀರಲ್ಲೇ ಉಳಿದರು. ಮೂಗು ಮಾತ್ರ ಮೇಲಿಟ್ಟು, ಭರತ ಏರಿದಂತೆ ಅದರ ಜೊತೆಗೇ ತೆವಳುತ್ತ ಬಂದರು. ಕೆಲವರು ತಡೆಗಳ ಹಿಂದೆ ಅವಿತರು. ಅದೇ ತಡೆಗಳನ್ನು ಸಿಡಿಸಬೇಕಿದ್ದ ಎಂಜಿನಿಯರ್‌ಗಳಿಗೆ ಆಗ ಧರ್ಮಸಂಕಟ: ಸ್ಫೋಟಕ ಕಟ್ಟಿ ಆಗಿದೆ, ಹಿಂದೆ ನಮ್ಮವರೇ ಇದ್ದಾರೆ, ಬತ್ತಿಗೆ ಬೆಂಕಿ ಇಡುವುದು ಹೇಗೆ? ಹದಿನಾರು ದಾರಿ ತೆರೆಯಬೇಕಿತ್ತು, ಭರತ ಮುಚ್ಚುವ ಮೊದಲು ಪೂರ್ತಿ ತೆರೆದದ್ದು ಐದೋ ಆರೋ. ನೌಕಾಪಡೆಯ ಆ ಸ್ಫೋಟಕ ತಂಡಗಳಲ್ಲಿ ಅರ್ಧಕ್ಕೂ ಹೆಚ್ಚು ಜನ ಸತ್ತರು ಅಥವಾ ಗಾಯಗೊಂಡರು. ನನ್ನ ವೃತ್ತಿಯವರು ಅವರು. ಈ ಸಾಲು ಬರೆಯುವಾಗ ಪ್ರತಿ ಸಲವೂ ಕೈ ನಿಲ್ಲುತ್ತದೆ.

ಗಾಯಗೊಂಡು ಮರಳಿನಲ್ಲಿ ಬಿದ್ದವರನ್ನು ಏರುವ ನೀರು ಮುಳುಗಿಸುತ್ತಿತ್ತು. ಎಳೆದು ತರಲು ಹೋದವರೂ ಬಿದ್ದರು. ವೇವರ್ಲಿ ವುಡ್‌ಸನ್ ಎಂಬ ಕಪ್ಪು ಸೈನಿಕ ವೈದ್ಯಕೀಯ ಸಹಾಯಕರಾಗಿ ಬಂದಿದ್ದರು. ದಡ ಸೇರುವ ಮೊದಲೇ ಚೂರು ತಾಗಿ ಗಾಯವಾಗಿತ್ತು. ಹಾಗೇ ಮೂವತ್ತು ಗಂಟೆ, ಸುಮಾರು 200 ಜನರಿಗೆ ಪಟ್ಟಿ ಕಟ್ಟಿದರು. ಅವರ ದೇಶ ಅವರಿಗೆ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಕ್ರಾಸ್ ಕೊಟ್ಟದ್ದು 2024ರಲ್ಲಿ, ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ.

ಮರಳು ದಾಟಿದವರಿಗೆ ಸಿಕ್ಕಿದ್ದು ಉರುಟುಗಲ್ಲುಗಳ ಒಂದು ದಿಬ್ಬ, ಪಶ್ಚಿಮದ ಕಡೆ ಒಂದು ಕಡಲಗೋಡೆ. ಅದರ ಬುಡದಲ್ಲಿ ಮಲಗಿದರೆ ನೇರ ಗುಂಡು ತಾಗುವುದಿಲ್ಲ. ಹಾಗಾಗಿ ಎಲ್ಲರೂ ಅಲ್ಲಿ ಒತ್ತೊತ್ತಾಗಿ ಮಲಗಿದರು, ಏಳಲಿಲ್ಲ. ಇದನ್ನು ಹೇಡಿತನವೆಂದು ಬರೆದವರಿದ್ದಾರೆ. ನಾನು ಒಪ್ಪುವುದಿಲ್ಲ. ರೈಫಲ್‌ಗಳಲ್ಲಿ ಮರಳು ಕೂತು ಹೊಡೆಯುತ್ತಿರಲಿಲ್ಲ. 116ನೇ ರೆಜಿಮೆಂಟಿನ ವೈರ್‌ಲೆಸ್ ಸೆಟ್‌ಗಳಲ್ಲಿ ಮುಕ್ಕಾಲು ಭಾಗ ಹಾಳಾಗಿತ್ತು. ಪಕ್ಕದಲ್ಲಿ ಮಲಗಿದವನು ಯಾವ ಕಂಪನಿಯವನೋ, ಅವನ ಹೆಸರೇ ಗೊತ್ತಿಲ್ಲ. ಏಳು ಎನ್ನುವ ಅಧಿಕಾರವಿದ್ದವನು ಹಿಂದೆ ನೀರಿನಲ್ಲಿ ತೇಲುತ್ತಿದ್ದಾನೆ. ಗುಂಡು ಬರುತ್ತಿರುವುದು ಎಲ್ಲಿಂದ ಎಂದು ತಿಳಿಯದವನು ಎದ್ದು ಯಾವ ಕಡೆ ಓಡಬೇಕು?

ಅಲ್ಲಿಗೆ ಏಳೂವರೆ ಹೊತ್ತಿಗೆ ಬಂದರು ನಾರ್ಮನ್ ಕೋಟಾ. ವಯಸ್ಸು 51, ಬ್ರಿಗೇಡಿಯರ್ ಜನರಲ್. ಹಿಂದಿನ ದಿನ ಹಡಗಿನಲ್ಲಿ ತಮ್ಮ ಅಧಿಕಾರಿಗಳನ್ನು ಕೂಡಿಸಿ ಅವರು ಹೇಳಿದ್ದು ಇಷ್ಟು: ದೋಣಿಗಳು ಹೊತ್ತಿಗೆ ಬರುವುದಿಲ್ಲ, ತಪ್ಪು ಜಾಗದಲ್ಲಿ ಇಳಿಸುತ್ತಾರೆ, ಕೆಲವರು ಇಳಿಯುವುದೇ ಇಲ್ಲ, ಇದ್ದುದರಲ್ಲೇ ದಾರಿ ಹುಡುಕಿ, ತಲೆ ಕೆಡಿಸಿಕೊಳ್ಳಬೇಡಿ. ಈಗ ಅವರು ಕಡಲಗೋಡೆಯ ಉದ್ದಕ್ಕೂ ನಡೆದಾಡುತ್ತ ಸೈನಿಕರನ್ನು ಎಬ್ಬಿಸಿದರು. ಗೋಡೆಯ ಮೇಲೆ ಒಬ್ಬ ಬಿಎಆರ್‌ನವನನ್ನು ಇಟ್ಟು ಗುಡ್ಡಕ್ಕೆ ಗುಂಡು ಹಾಕಿಸಿದರು. ಗೋಡೆಯಾಚೆ ರಸ್ತೆ, ರಸ್ತೆಯಾಚೆ ಸುರುಳಿ ಮುಳ್ಳುತಂತಿ. ಅದನ್ನು ಸಿಡಿಸಲು ತಂದದ್ದು ಬ್ಯಾಂಗಲೋರ್ ಟಾರ್ಪಿಡೊ.

ಹೌದು, ನಮ್ಮ ಬೆಂಗಳೂರೇ. ಮದ್ರಾಸ್ ಸ್ಯಾಪರ್ಸ್ ದಳದ ಕ್ಯಾಪ್ಟನ್ ಮೆಕ್ಲಿಂಟಾಕ್ ಎಂಬ ಬ್ರಿಟಿಷ್ ಅಧಿಕಾರಿ 1912ರಲ್ಲಿ ಬೆಂಗಳೂರಿನಲ್ಲಿ ಅದನ್ನು ರೂಪಿಸಿದರು. ಸುಮಾರು ಒಂದೂವರೆ ಮೀಟರ್ ಉದ್ದದ ಕೊಳವೆ, ಒಳಗೆ ಸಿಡಿಮದ್ದು. ಒಂದರ ಬಾಲಕ್ಕೆ ಇನ್ನೊಂದನ್ನು ಜೋಡಿಸುತ್ತ, ಮಲಗಿದಲ್ಲಿಂದಲೇ ತಂತಿಯ ಅಡಿಗೆ ತಳ್ಳುತ್ತ ಹೋಗುವುದು. ಸಿಡಿದರೆ ಮುಳ್ಳುತಂತಿಯ ನಡುವೆ ಒಬ್ಬೊಬ್ಬರೇ ನುಗ್ಗುವಷ್ಟು ಓಣಿ. ಹಲಸೂರಿನ ಸೆಂಟರಿನಲ್ಲಿ ನಾನೂ ಅದನ್ನು ಹೊಟ್ಟೆಯ ಮೇಲೆ ತೆವಳಿ ಜೋಡಿಸಲು ಕಲಿತವನು. ಆರು ತುಂಡು ಸೇರಿಸುವಷ್ಟರಲ್ಲಿ ಮೊಣಕೈ ತರಚಿ ರಕ್ತ ಬರುತ್ತಿತ್ತು, ಅದೂ ಯಾರೂ ಗುಂಡು ಹಾರಿಸದ ಮೈದಾನದಲ್ಲಿ. ಒಮಾಹಾದಲ್ಲಿ ಅಮೆರಿಕದ ಹುಡುಗರು ಅದನ್ನು ತಳ್ಳಿದ್ದು ಮೇಲಿನಿಂದ ಗುಂಡು ಬರುತ್ತಿರುವಾಗ. ತಂತಿ ಹರಿಯಿತು. ಮೊದಲು ನುಗ್ಗಿದವನು ಅಲ್ಲೇ ಸತ್ತ. ಹಿಂದಿನವರು ತಡೆದು ನಿಂತರು. ಆಗ ಕೋಟಾ ತಾವೇ ದಾಟಿದರು, ಅವರ ಹಿಂದೆ ಉಳಿದವರು ಹೋದರು.

ಅವರು ಹೋದದ್ದು ಎಲ್ಲಿಗೆ ಎಂಬುದೇ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ. ಕಣಿವೆಗೆ ಹೋಗಲಿಲ್ಲ. ಎರಡು ಕಣಿವೆಗಳ ನಡುವಿನ ಗುಡ್ಡವನ್ನೇ ನೇರವಾಗಿ ಹತ್ತಿದರು. ಆಗಲೇ ಹೇಳಿದೆನಲ್ಲ, ಜರ್ಮನರು ಬಲವನ್ನೆಲ್ಲ ಐದು ಬಾಗಿಲಿಗೆ ಕೂಡಿಸಿದ್ದರು. ನಡುವೆ ಕಾವಲು ತೆಳ್ಳಗಿತ್ತು. ಗುಡ್ಡದ ಮೈಯಲ್ಲಿ ಮಡಿಕೆಗಳಿದ್ದವು, ಅವುಗಳಲ್ಲಿ ತೆವಳಿದವನು ಮೇಲಿದ್ದವನ ಕಣ್ಣಿಗೆ ಬೀಳುತ್ತಿರಲಿಲ್ಲ. ಒಣಹುಲ್ಲಿಗೆ ಬೆಂಕಿ ಹತ್ತಿ ಎದ್ದ ಹೊಗೆಯೂ ಕೆಲವೆಡೆ ಮರೆ ಕೊಟ್ಟಿತು. ಆ ಏರಿನಲ್ಲಿ ವಾಹನ ಹೋಗದು, ಹಾಗಾಗಿ ಯೋಜನೆ ಮಾಡಿದವರು ಅದನ್ನು ದಾರಿಯೆಂದೇ ಎಣಿಸಿರಲಿಲ್ಲ. ಸೈನಿಕನ ಕಾಲಿಗೆ ಅದು ದಾರಿಯಾಯಿತು.

ಅಲ್ಲಿ ಇದ್ದದ್ದು ನೆಲಬಾಂಬ್. ಅದಕ್ಕೂ ಒಂದು ತಂತ್ರ ಅವರಿಗೆ ಅಲ್ಲೇ ಹುಟ್ಟಿತು: ಒಬ್ಬರ ಹಿಂದೊಬ್ಬರು, ಮುಂದಿನವನ ಹೆಜ್ಜೆಯ ಮೇಲೇ ಹೆಜ್ಜೆ. ಮುಂದಿನವನ ಕಾಲು ಹೋದರೆ ಅವನನ್ನು ದಾಟಿಕೊಂಡು ಹಿಂದಿನವನು. ಇದನ್ನು ಯಾವ ಶಾಲೆಯಲ್ಲೂ ಕಲಿಸಿರಲಿಲ್ಲ.

ಪೂರ್ವದ ಅರ್ಧದಲ್ಲಿ 16ನೇ ರೆಜಿಮೆಂಟಿನ ಲೆಫ್ಟಿನೆಂಟ್ ಜಾನ್ ಸ್ಪಾಲ್ಡಿಂಗ್ ಎಂಬ ಯುವ ಅಧಿಕಾರಿ, ಸಾರ್ಜೆಂಟ್ ಫಿಲಿಪ್ ಸ್ಟ್ರೆಜಿಕ್ ಮತ್ತು ಒಂದು ದೋಣಿಯಷ್ಟು ಜನ ಹೀಗೇ ಹತ್ತಿದರು. ಮೇಲೆ ತಲುಪಿ ಅವರು ಕಡಲಿನ ಕಡೆ ತಿರುಗಲಿಲ್ಲ, ಪಕ್ಕಕ್ಕೆ ತಿರುಗಿ ಕಣಿವೆ ಕಾಯುತ್ತಿದ್ದ ಜರ್ಮನರ ಠಾಣೆಯನ್ನು ಹಿಂದಿನಿಂದ ಹಿಡಿದರು. ಮುಂದಕ್ಕೆ ನೋಡುವಂತೆ, ಪಕ್ಕಕ್ಕೆ ಹೊಡೆಯುವಂತೆ ಕಟ್ಟಿದ್ದ ಕೋಟೆಗೆ ಬೆನ್ನಿನ ಕಡೆ ಅಷ್ಟು ಕಾವಲಿರಲಿಲ್ಲ. ಹತ್ತಿರದಲ್ಲೇ ಕ್ಯಾಪ್ಟನ್ ಜೋ ಡಾಸನ್ ಅವರ ಕಂಪನಿ ಹತ್ತಿತು. ಸ್ವಲ್ಪ ಹೊತ್ತಿಗೆ ಕೆಳಗೆ ಬಂದಿಳಿದ ಅವರ ಕರ್ನಲ್ ಜಾರ್ಜ್ ಟೇಲರ್ ದಿಬ್ಬದ ಬುಡದಲ್ಲಿದ್ದವರಿಗೆ ಹೇಳಿದ ಮಾತು ಹೆಸರಾಗಿದೆ: ಈ ದಂಡೆಯಲ್ಲಿ ಉಳಿಯುವವರು ಎರಡೇ ಬಗೆ, ಸತ್ತವರು ಮತ್ತು ಸಾಯಲಿರುವವರು, ನಡೆಯಿರಿ ಇಲ್ಲಿಂದ. ಕೇಳಲು ವೀರಾವೇಶದಂತಿದ್ದರೂ ಅದು ಲೆಕ್ಕದ ಮಾತು. ದಿಬ್ಬದ ಮೇಲೆ ಮಾರ್ಟರ್ ಬೀಳುತ್ತಿತ್ತು, ಹಿಂದಿನಿಂದ ನೀರು ಏರುತ್ತಿತ್ತು. ಕೂತರೆ ಸಾವು ಖಚಿತ, ಎದ್ದರೆ ಅನುಮಾನ.

ಇನ್ನೊಂದು ಸಹಾಯ ಕಡಲಿನಿಂದ ಬಂತು. ದಡದೊಂದಿಗೆ ಮಾತೇ ಕಡಿದುಹೋಗಿದ್ದಾಗ ಅಮೆರಿಕದ ಡೆಸ್ಟ್ರಾಯರ್ ಹಡಗುಗಳು ಒಂಬತ್ತರ ಆಸುಪಾಸಿನಲ್ಲಿ ತೀರಕ್ಕೆ ಸಾವಿರ ಮೀಟರ್ ಒಳಗೆ ನುಗ್ಗಿದವು. ತಳ ಮರಳಿಗೆ ತಾಗಿದರೆ ಅಲ್ಲೇ ಸಿಕ್ಕಿಬೀಳುವ ಅಪಾಯವಿತ್ತು. ಕಾರ್ಮಿಕ್ ಎಂಬ ಹಡಗಿನವರು ದಂಡೆಯ ಮೇಲಿನ ಟ್ಯಾಂಕ್‌ಗಳು ಎಲ್ಲಿಗೆ ಹೊಡೆಯುತ್ತವೆ ಎಂದು ನೋಡುತ್ತ, ಅದೇ ಜಾಗಕ್ಕೆ ತಾವೂ ಹೊಡೆದರು. ಮಾತಿಲ್ಲದೆ, ತಂತಿಯಿಲ್ಲದೆ, ಬರೀ ಕಣ್ಣಿನಿಂದ ಟ್ಯಾಂಕಿನವನಿಗೂ ಹಡಗಿನವನಿಗೂ ನಡುವೆ ಒಂದು ಒಪ್ಪಂದ ಬೆಳೆಯಿತು. ಬೆಳಗಿನ ನಲವತ್ತು ನಿಮಿಷದಲ್ಲಿ ದೊಡ್ಡ ಹಡಗುಗಳಿಂದ ಆಗದ ಕೆಲಸವನ್ನು ಈ ಸಣ್ಣ ಹಡಗುಗಳು ಹತ್ತಿರ ಬಂದು ಮಾಡಿದವು.

ಜರ್ಮನರ ಕಡೆಯೂ ಲೆಕ್ಕ ತಪ್ಪಿತ್ತು. ಕ್ರೈಸ್ ತಮ್ಮ ಮೀಸಲು ದಳವನ್ನು ನಸುಕಿನಲ್ಲೇ ಪ್ಯಾರಾಟ್ರೂಪರ್‌ಗಳನ್ನು ಹುಡುಕಲು ಬೇರೆ ದಿಕ್ಕಿಗೆ ಕಳಿಸಿದ್ದರು. ಅದನ್ನು ತಿರುಗಿ ಕರೆಸುವಷ್ಟರಲ್ಲಿ ಬೆಳಗೆಲ್ಲ ಹೋಯಿತು. ದಂಡೆಯ ಮೇಲೆ ಉರಿಯುತ್ತಿದ್ದ ದೋಣಿಗಳನ್ನು ಕಂಡು ಒಮಾಹಾದಲ್ಲಿ ದಾಳಿ ಮುರಿದುಬಿತ್ತೆಂದೇ ಅವರಿಗೆ ವರದಿ ಬಂದಿತ್ತು. ಅತ್ತ ಆಗಸ್ಟಾ ಹಡಗಿನಲ್ಲಿದ್ದ, ಅಮೆರಿಕನ್ ಸೈನ್ಯದ ಮುಖ್ಯ ಸೇನಾನಿ ಜನರಲ್ ಬ್ರಾಡ್ಲಿ ಕೂಡ ಅದೇ ದೋಣಿಗಳನ್ನು ಕಂಡು, ಉಳಿದ ಸೈನ್ಯವನ್ನು ಬೇರೆ ತೀರಕ್ಕೆ ತಿರುಗಿಸಲೇ ಎಂದು ಯೋಚಿಸುತ್ತಿದ್ದರು. ಇಬ್ಬರು ಸೇನಾನಿಗಳಿಗೂ ಸೋಲು ಕಾಣುತ್ತಿದ್ದ ಹೊತ್ತಿನಲ್ಲಿ ಹತ್ತಿಪ್ಪತ್ತು ಜನರ ಗುಂಪುಗಳು ಗುಡ್ಡದ ಮೇಲಿದ್ದವು.

ಸಂಜೆಯ ಹೊತ್ತಿಗೆ ಒಮಾಹಾದಲ್ಲಿ ಸುಮಾರು 34,000 ಜನ ಇಳಿದಿದ್ದರು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಅಂದಿನ ಸೇನಾ ಲೆಕ್ಕ 2,000ದಿಂದ 2,400. ಈಚಿನ ಸಂಶೋಧಕರು ಅದಕ್ಕಿಂತ ಬಹಳ ಹೆಚ್ಚು ಎನ್ನುತ್ತಾರೆ. ಒಳನಾಡಿಗೆ ಹಿಡಿದ ನೆಲ ಹೆಚ್ಚೆಂದರೆ ಎರಡೂವರೆ ಕಿಲೋಮೀಟರ್. 2,400 ಟನ್ ಸಾಮಾನು ಇಳಿಯಬೇಕಿತ್ತು, ಇಳಿದದ್ದು 100 ಟನ್. ಡಾಸನ್ ಕಂಪನಿ ಹತ್ತಿದ ಗುಡ್ಡದ ಮೇಲೆ ಈಗ ಅಮೆರಿಕನ್ನರ ಸ್ಮಶಾನವಿದೆ, 9,380ಕ್ಕೂ ಹೆಚ್ಚು ಸಮಾಧಿಗಳು. ಎಲ್ಲವೂ ಆ ಒಂದು ದಿನದವಲ್ಲ. ನಾರ್ಮಂಡಿಯ ಇಡೀ ಕಾಳಗದಲ್ಲಿ ಸತ್ತವರನ್ನು ಅಲ್ಲಿಗೆ ತಂದಿದ್ದಾರೆ.

ಎ ಕಂಪನಿ ಸತ್ತ ಆ ವಿಯರ್‌ವಿಲ್ ಕಣಿವೆ ಏನಾಯಿತೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅದರ ಬಾಯಿಗೆ ಜರ್ಮನರು ಕಾಂಕ್ರೀಟ್ ಗೋಡೆ ಕಟ್ಟಿದ್ದರು. ಗುಡ್ಡ ಹತ್ತಿ ಊರೊಳಗೆ ಬಂದಿದ್ದ ಕೋಟಾ ಮಧ್ಯಾಹ್ನದ ಹೊತ್ತಿಗೆ ಬೆರಳೆಣಿಕೆಯ ಜನರನ್ನು ಕರೆದುಕೊಂಡು ಅದೇ ಕಣಿವೆಯಲ್ಲಿ ಮೇಲಿನಿಂದ ಕೆಳಕ್ಕೆ, ಕಡಲಿನ ಕಡೆಗೆ ಇಳಿದು ಬಂದರು. ದಾರಿಯಲ್ಲಿ ಕೆಲವು ಜರ್ಮನರು ಕೈಯೆತ್ತಿದರು. ಅವರನ್ನೇ ಮುಂದಿಟ್ಟುಕೊಂಡು ನೆಲಬಾಂಬ್ ದಾಟಿದರು. ದಂಡೆಗೆ ಬಂದವರೇ ಎಂಜಿನಿಯರ್‌ಗಳನ್ನು ಹುಡುಕಿ ಆ ಗೋಡೆ ಸಿಡಿಸಲು ಹಚ್ಚಿದರು. ಬೆಳಿಗ್ಗೆಯೇ ತೆರೆಯಬೇಕಿದ್ದ ದಾರಿಯಲ್ಲಿ ವಾಹನಗಳು ಸಾಲುಗಟ್ಟಿ ಮೇಲೇರಿದ್ದು ಕತ್ತಲಾಗುವ ಹೊತ್ತಿಗೆ.